ಶಿಕೋಕುವಿನ ದಾರಿಯಲ್ಲಿ ‘ಬೇಡ’ ಅನ್ನುವಂತಿಲ್ಲ

ಕೇಳುಗರಿಗೆ ನಮಸ್ಕಾರ.

ಯಾರಾದರೂ ಏನಾದರೂ ಕೊಡಲು ಬಂದರೆ ನಮ್ಮ ಬಾಯಿಗೆ ಮೊದಲು ಬರುವ ಮಾತು, ‘ಅಯ್ಯೋ, ಬೇಡ ಬೇಡ.’ ಒಂದು ಸಲ ಬೇಡ ಅಂದು, ಇನ್ನೊಂದು ಸಲ ಸಂಕೋಚಪಟ್ಟು, ಮೂರನೇ ಸಲ ಕೈ ಚಾಚುವುದು ನಮ್ಮ ಮರ್ಯಾದೆ. ಜಪಾನಿನ ಶಿಕೋಕು ದ್ವೀಪವನ್ನು ಸುತ್ತುವ 88 ಬೌದ್ಧ ದೇವಾಲಯಗಳ ಯಾತ್ರೆಯಲ್ಲಿ, ಯಾತ್ರಿಕರ ಬಿಳಿ ಅಂಗಿ ತೊಟ್ಟು ನಡೆಯುವಾಗ ಈ ಮರ್ಯಾದೆಗೆ ಜಾಗವಿಲ್ಲ. ಕಾರು ನಿಲ್ಲಿಸಿ ಒಬ್ಬ ಅಜ್ಜಿ ಇಳಿಯುತ್ತಾರೆ. ಎರಡು ಕಿತ್ತಳೆ ಕೈಗಿಟ್ಟು, ತಲೆಬಾಗಿ ಹೊರಟುಬಿಡುತ್ತಾರೆ. ನೀವು ಯಾರು, ಯಾವ ದೇಶ, ಯಾವ ದೇವರು ಅಂತ ಕೇಳುವವರೂ ಇದ್ದಾರೆ, ಕೇಳದವರೂ ಇದ್ದಾರೆ. ಕೊಡುವುದು ಮಾತ್ರ ತಪ್ಪುವುದಿಲ್ಲ.

ಇದಕ್ಕೆ ಅಲ್ಲಿ ಒಸೆತ್ತಾಯಿ ಎನ್ನುತ್ತಾರೆ. ಹಣ್ಣು, ಚಹಾ, ಸಣ್ಣ ನಾಣ್ಯ, ಕೆಲವೊಮ್ಮೆ ರಾತ್ರಿ ಮಲಗಲು ಜಾಗ. ಯಾತ್ರಿಕನ ಜೊತೆ ಕೋಬೋ ದಾಯಿಶಿ ಎಂಬ ಹಿಂದಿನ ಕಾಲದ ಬೌದ್ಧ ಗುರು ಸದಾ ನಡೆಯುತ್ತಿರುತ್ತಾರೆ ಎಂಬುದು ಅಲ್ಲಿನವರ ನಂಬಿಕೆ. ಹಾಗಾಗಿ ಕೊಟ್ಟದ್ದು ನಿಮಗಲ್ಲ, ಅವರಿಗೆ. ಬೇಡ ಅನ್ನಲು ನೀವು ಯಾರು, ಅಲ್ವಾ? ತೆಗೆದುಕೊಂಡವರು ತಮ್ಮ ಹೆಸರು ಬರೆದ ಒಂದು ಚೀಟಿ ಕೊಡಬೇಕು, ಅಷ್ಟೇ. ಮೊದಲ ಸಲ ನಡೆಯುವವರ ಚೀಟಿ ಬಿಳಿ. ನೂರು ಸಲ ಸುತ್ತಿದವರದ್ದು ಜರಿಯ ಬಟ್ಟೆಯದು. ಜರಿ ಚೀಟಿ ಸಿಕ್ಕಿದರೆ ಜನ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಕೋಬೋ ದಾಯಿಶಿ ಅಂದರೆ ಕೂಕಾಯಿ. 774ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದ ಭಿಕ್ಷು. ಹುಟ್ಟಿದ ಜಾಗದಲ್ಲಿರುವ ಜೆನ್‌ತ್ಸೂಜಿ ಈಗ ಯಾತ್ರೆಯ 75ನೇ ದೇವಾಲಯ. 804ರಲ್ಲಿ ಚೀನಾಕ್ಕೆ ಹೋದ ಅವರು ಅಲ್ಲಿ ಪ್ರಜ್ಞ ಎಂಬ ಭಾರತದ ಭಿಕ್ಷುವಿನಿಂದ ಸಂಸ್ಕೃತ ಕಲಿತರು. ಹಿಂದಿರುಗಿ ಶಿಂಗೋನ್ ಎಂಬ ಬೌದ್ಧ ಪಂಥ ಕಟ್ಟಿದರು. ಇವತ್ತಿಗೂ ಪ್ರತಿ ದೇವಾಲಯದಲ್ಲಿ ಎರಡು ಕಡೆ ಹೃದಯ ಸೂತ್ರ ಎಂಬ ಬೌದ್ಧ ಪಾಠ ಓದುತ್ತಾರೆ. ಅದರ ಕೊನೆಗೆ ಬರುವ ‘ಗತೇ ಗತೇ ಪಾರಗತೇ’ ಜಪಾನಿ ನಾಲಿಗೆಯಲ್ಲೂ ನಮ್ಮ ಕಿವಿಗೆ ಸಿಕ್ಕಿಬಿಡುತ್ತದೆ.

ದಾರಿಯ ಉದ್ದ ಸುಮಾರು 1,200 ಕಿಲೋಮೀಟರ್, ದೇವಾಲಯಗಳು 88. ಪೂರ್ತಿ ನಡೆದರೆ ನಲವತ್ತರಿಂದ ಐವತ್ತು ದಿನ. ಬಸ್ಸು, ಕಾರಿನಲ್ಲಿ ಹೋಗುವವರೇ ಜಾಸ್ತಿ. ಬಿಳಿ ಅಂಗಿ ಹೆಣದ ಬಟ್ಟೆಯ ಬಣ್ಣದ್ದು. ಹಿಂದೆ ದಾರಿಯಲ್ಲೇ ಸತ್ತವರ ಗೋರಿಗೆ ಅವರ ಊರುಗೋಲನ್ನೇ ನೆಡುತ್ತಿದ್ದರಂತೆ. ಆ ಕೋಲೇ ದಾಯಿಶಿ. ರಾತ್ರಿ ತಂಗುವ ಮನೆ ಮುಟ್ಟಿದ ಮೇಲೆ ಮೊದಲು ಕೋಲಿನ ಬುಡ ತೊಳೆಯಬೇಕು, ಆಮೇಲೆ ನಿಮ್ಮ ಕಾಲು. ಸೇತುವೆ ಮೇಲೆ ಕೋಲು ಊರಬಾರದು. ದಾಯಿಶಿ ಒಮ್ಮೆ ಸೇತುವೆಯ ಕೆಳಗೆ ಮಲಗಿ ರಾತ್ರಿ ಕಳೆದಿದ್ದರಂತೆ. ಅವರ ನಿದ್ದೆ ಕೆಡಬಾರದಲ್ಲ!

ಕಷ್ಟ ಬೇಗ ಶುರುವಾಗುತ್ತದೆ. 11ರಿಂದ 12ನೇ ದೇವಾಲಯಕ್ಕೆ ಹೋಗುವ ಬೆಟ್ಟದ ದಾರಿ ಯಾತ್ರಿಕರನ್ನು ಉರುಳಿಸುವ ದಾರಿ ಎಂದೇ ಹೆಸರುವಾಸಿ. ಆದರೆ ಅದಕ್ಕಿಂತ ದ್ವೀಪದ ದಕ್ಷಿಣಕ್ಕಿರುವ ಕೋಚಿ ಪ್ರಾಂತ್ಯವೇ ಮನಸ್ಸನ್ನು ಅರೆಯುತ್ತದೆ ಅಂತ ನನಗೆ ಅನಿಸುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಲಾರಿಗಳು, ಕಾಲಡಿ ಡಾಂಬರು. 37ರಿಂದ 38ನೇ ದೇವಾಲಯಕ್ಕೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು. ಅಲ್ಲಿ ಯಾರಾದರೂ ಕಾರು ನಿಲ್ಲಿಸಿ ‘ಹತ್ತಿ’ ಅಂದರೆ? ಅದೂ ಒಸೆತ್ತಾಯಿ. ಪೂರ್ತಿ ನಡೆಯುತ್ತೇನೆ ಎಂದು ಹರಕೆ ಹೊತ್ತವರು ಕೈಮುಗಿದು, ನಡೆಯುವ ಹರಕೆ ಇದೆ ಎಂದು ಹೇಳುತ್ತಾರೆ. ಇದೊಂದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹತ್ತಿ ಕೂತವರನ್ನೂ ಯಾರೂ ಆಡಿಕೊಳ್ಳುವುದಿಲ್ಲ.

ಹೊರದೇಶದವರು ಈ ದಾರಿಗೆ ಹೊಸಬರಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಫ್ರೆಡರಿಕ್ ಸ್ಟಾರ್ 1921ರಲ್ಲೇ ಬಂದಿದ್ದರು. ಇದೇ ದ್ವೀಪದ ಮತ್ಸುಯಾಮಾ ನಗರದಲ್ಲಿ ಪಾಠ ಹೇಳುತ್ತಿದ್ದ ಜರ್ಮನಿಯ ಆಲ್‌ಫ್ರೆಡ್ ಬೋನರ್ 1927ರಲ್ಲಿ ಸುತ್ತಿದರು. ಹಾಗಂತ ಎಲ್ಲವೂ ಬೆಣ್ಣೆ ಅಂತ ಹೇಳಲಾರೆ. 2014ರಲ್ಲಿ ದಾರಿಬದಿಯ ಕೆಲವು ವಿಶ್ರಾಂತಿ ಮಂಟಪಗಳಲ್ಲಿ ಕೊರಿಯಾದವರನ್ನು ಬೈದ ಚೀಟಿಗಳು ಅಂಟಿದ್ದವು. ಕಿತ್ತಳೆ ಕೊಡುವ ಊರಿನಲ್ಲೇ ಅದೂ ನಡೆದದ್ದು.

ಊಟದ ಮಾತು ಹೇಳಲೇಬೇಕು. ಅಲ್ಲಿ ಸಾರು ಅಂದರೆ ಒಣಮೀನಿನ ಸಾರು. ತರಕಾರಿ ತಟ್ಟೆಗೂ ಅದು ಬಂದಿರುತ್ತದೆ. ದ್ವೀಪದ ಕಾಗಾವಾ ಪ್ರಾಂತ್ಯದ ಹೆಸರಾಂತ ಉದೋನ್ ಶಾವಿಗೆಯೂ ಮೀನಿನ ಸಾರಿನಲ್ಲೇ ಮುಳುಗಿರುತ್ತದೆ. ದೇವಾಲಯದ ವಸತಿಯಲ್ಲೂ ಎಲ್ಲ ಕಡೆ ಸಸ್ಯಾಹಾರ ಸಿಗುವುದಿಲ್ಲ. ಬಿಳಿ ಅನ್ನ ಮಾತ್ರ ಎಲ್ಲೆಲ್ಲೂ ಉಂಟು. ಕಟ್ಟುನಿಟ್ಟಿನವರು ಒಂದು ಡಬ್ಬಿ ಚಟ್ನಿಪುಡಿ ಇಟ್ಟುಕೊಂಡರೆ ಬಚಾವು.

ಪ್ರತಿ ದೇವಾಲಯದಲ್ಲಿ ಯಾತ್ರೆಯ ಪುಸ್ತಕಕ್ಕೆ ಕುಂಚದಲ್ಲಿ ಬರೆದು, ಕೆಂಪು ಮುದ್ರೆ ಒತ್ತಿಕೊಡುತ್ತಾರೆ. 2024ರಿಂದ ಅದಕ್ಕೆ 500 ಯೆನ್. ಸಂಜೆ ಐದಕ್ಕೆ ಕಿಟಕಿ ಮುಚ್ಚುತ್ತಾರೆ. ಐದು ನಿಮಿಷ ತಡವಾದರೂ ಮರುದಿನ ಬೆಳಿಗ್ಗೆಯವರೆಗೆ ಕಾಯಬೇಕು. ದಿನದ ಲೆಕ್ಕವೆಲ್ಲ ಈ ಐದು ಗಂಟೆಯ ಸುತ್ತ ತಿರುಗುತ್ತದೆ.

ಅಷ್ಟು ರಜೆ ಎಲ್ಲಿಂದ ತರೋಣ ಅಂತೀರಾ? ಅಲ್ಲಿನವರೇ ತುಂಡು ತುಂಡಾಗಿ, ವರ್ಷಗಟ್ಟಲೆ ನಡೆದು ಮುಗಿಸುತ್ತಾರೆ. ತೊಕುಶಿಮಾ ಪ್ರಾಂತ್ಯದ ನರುತೊದಲ್ಲಿರುವ ರ್ಯೋಜೆನ್‌ಜಿ ಮೊದಲ ದೇವಾಲಯ. ಟೋಪಿ, ಅಂಗಿ, ಕೋಲು, ಪುಸ್ತಕ ಎಲ್ಲವೂ ಅಲ್ಲೇ ಸಿಗುತ್ತವೆ. ಮೊದಲ ಐದು ದೇವಾಲಯಗಳು ಹತ್ತಿರ ಹತ್ತಿರ, ದಾರಿಯೂ ಸಪಾಟು, ಒಂದೇ ದಿನಕ್ಕೆ ಆಗುತ್ತವೆ. ಮಾರ್ಚ್‌ನಿಂದ ಮೇ, ಇಲ್ಲವೇ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಶೂ ಮಾತ್ರ ಮನೆಯಿಂದಲೇ, ಕಾಲಿಗೆ ಪಳಗಿದ್ದನ್ನೇ ಹಾಕಿಕೊಂಡು ಹೋಗಿ. ಹೊಸ ಶೂ ಹಾಕಿದರೆ 12ನೇ ದೇವಾಲಯದ ಆ ಬೆಟ್ಟ ಬರುವ ಮೊದಲೇ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿರುತ್ತದೆ.

ನಮಸ್ಕಾರ.