ಪಾರ್ಕಿನಲ್ಲಿ ಓಡುವ ಮಕ್ಕಳನ್ನು ಎಣಿಸಿ

ಕೇಳುಗರೇ, ನಮಸ್ಕಾರ. ರೇಡಿಯೋ ಹಾಕಿಕೊಂಡು ಸೊಪ್ಪು ಬಿಡಿಸುತ್ತಾ ಕೂತಿರುವ ಅಮ್ಮಂದಿರು, ಅಜ್ಜ ಅಜ್ಜಿಯರು, ಬಡಾವಣೆ ಸಂಘದ ಕೆಲಸಕ್ಕೆ ಓಡಾಡುವ ಹಿರಿಯರು, ಎಲ್ಲರಿಗೂ ಹೇಳುತ್ತಿದ್ದೇನೆ. ನಾನು ಮಕ್ಕಳ ಡಾಕ್ಟರ್. ಇವತ್ತು ಔಷಧಿ ಮಾತು ಬೇಡ. ನಿಮ್ಮ ಮನೆ ಹತ್ತಿರದ ಪಾರ್ಕಿನ ಮಾತಾಡೋಣ.

ಪಾರ್ಕ್ ಹೇಗಿದೆ ಅಂತ ಕೇಳಿದರೆ ಜನ ಏನು ಹೇಳುತ್ತಾರೆ? ಹೂವು ಚೆನ್ನಾಗಿದೆ, ಹುಲ್ಲು ಹಸಿರಾಗಿದೆ, ಕಾರಂಜಿ ಹಾಕಿಸಿದ್ದಾರೆ. ಎಲ್ಲಾ ಸರಿ. ಆದರೆ ಸಂಜೆ ಐದೂವರೆಗೆ ಅಲ್ಲಿ ಎಷ್ಟು ಮಕ್ಕಳು ಓಡುತ್ತಿದ್ದರು? ನನಗೆ ಬೇಕಾಗಿರುವುದು ಅದೊಂದೇ ಲೆಕ್ಕ.

ಯಾಕೆ ಅಂತೀರಾ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಕೇಳಿ. ಇಡೀ ಪ್ರಪಂಚದಲ್ಲಿ 5ರಿಂದ 19 ವರ್ಷದ ಮಕ್ಕಳಲ್ಲಿ ತೂಕ ಜಾಸ್ತಿ ಇರುವವರು 1990ರಲ್ಲಿ ನೂರಕ್ಕೆ 8 ಇದ್ದರು. 2022ರಲ್ಲಿ ನೂರಕ್ಕೆ 20. ಅದೇ ಸಂಸ್ಥೆ ಹೇಳುವ ಪ್ರಕಾರ 5ರಿಂದ 17 ವರ್ಷದ ಮಗು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವ ಹಾಗೆ ಆಡಬೇಕು. ಫ್ಲಾಟಿನ ಹಾಲ್‌ನಲ್ಲಿ ಇದು ಆಗುತ್ತದಾ? ರಸ್ತೆಯಲ್ಲಿ ಆಗುತ್ತದಾ? ಉಳಿದಿರುವುದು ಪಾರ್ಕ್ ಒಂದೇ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹತ್ತು ವರ್ಷ. ಎರಡು ಮಹಡಿ ಹತ್ತಿದರೆ ಏದುಸಿರು. ನಾನು ಅವರಮ್ಮನಿಗೆ ಹೇಳಿದೆ, ದಿನಾ ಒಂದು ಗಂಟೆ ಪಾರ್ಕಿಗೆ ಕಳಿಸಮ್ಮ ಅಂತ. ಎರಡು ತಿಂಗಳಾದ ಮೇಲೆ ಬಂದರು. ತೂಕ ಇನ್ನೂ ಏರಿತ್ತು. ನಾನು ಸ್ವಲ್ಪ ಗದರಿದೆ. ಆ ತಾಯಿ ಕಣ್ಣಲ್ಲಿ ನೀರು. "ಡಾಕ್ಟ್ರೇ, ಒಂದು ದಿನಾನೂ ತಪ್ಪಿಸಿಲ್ಲ. ಬೇಕಾದ್ರೆ ನೀವೇ ಬಂದು ನೋಡಿ" ಅಂದರು.

ಹೋದೆ. ಕ್ಲಿನಿಕ್ ಬಾಗಿಲು ಹಾಕಿ, ಐದೂಕಾಲಿಗೆ ಆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತೆ. ಗೇಟಿನ ಹತ್ತಿರವೇ ಬೋರ್ಡು, ಚೆಂಡಾಟ ನಿಷೇಧಿಸಲಾಗಿದೆ. ಹುಲ್ಲಿನ ಸುತ್ತ ಮೊಣಕಾಲೆತ್ತರದ ಕಬ್ಬಿಣದ ಬೇಲಿ. ವಾಕಿಂಗ್ ದಾರಿಯಲ್ಲಿ ದೊಡ್ಡವರು ಸುತ್ತು ಹಾಕುತ್ತಿದ್ದರು. ಓಪನ್ ಜಿಮ್ ಯಂತ್ರಗಳೆಲ್ಲ ದೊಡ್ಡವರ ಅಳತೆಗೆ ಮಾಡಿದವು. ಎರಡು ಜೋಕಾಲಿ, ಒಂದರ ಸರಪಳಿ ಕಿತ್ತಿತ್ತು. ಇನ್ನೊಂದಕ್ಕೆ ಆರು ಮಕ್ಕಳ ಸಾಲು. ನಮ್ಮ ಹುಡುಗ ಆ ಸಾಲಿನಲ್ಲಿ ನಾಲ್ಕನೆಯವನು.

ಗಡಿಯಾರ ನೋಡಿಕೊಂಡೆ. ಇಪ್ಪತ್ತೆರಡು ನಿಮಿಷ ಕಾದ. ನಾಲ್ಕು ನಿಮಿಷ ಜೋಕಾಲಿ ಆಡಿದ. ಆಮೇಲೆ ಇನ್ನೊಬ್ಬ ಹುಡುಗನ ಜೊತೆ ಮುಟ್ಟಾಟ ಶುರು ಮಾಡಿದ, ವಾಕಿಂಗ್ ದಾರಿಯಲ್ಲೇ, ಇನ್ನೆಲ್ಲಿ ಆಡ್ತಾನೆ ಪಾಪ? ಹಿರಿಯರೊಬ್ಬರು ನಿಂತು, "ಏಯ್, ಬಿದ್ದೋಗ್ತೀವಿ ಕಣೋ ನಾವು, ಸುಮ್ನೆ ಕೂತ್ಕೊಳ್ರೋ" ಅಂದರು. ಅವರ ಭಯವೂ ಸುಳ್ಳಲ್ಲ. ಮಕ್ಕಳು ಬಂದು ನನ್ನ ಪಕ್ಕದಲ್ಲೇ ಕೂತರು. ಗೇಟಿನಾಚೆ ಗೋಬಿ ಗಾಡಿ. ಅಜ್ಜ ಕೊಟ್ಟಿದ್ದ ದುಡ್ಡು ಜೇಬಿನಲ್ಲಿ. ಒಂದು ಗಂಟೆಯಲ್ಲಿ ಆ ಮಗು ಓಡಿದ್ದು ಮೂರು ನಿಮಿಷವೂ ಇಲ್ಲ. ನಾನು ಗದರಬೇಕಾಗಿದ್ದು ಆ ಪಾರ್ಕನ್ನು, ಆ ತಾಯಿಯನ್ನಲ್ಲ.

ಮರುದಿನ ನನ್ನ ಲೆಕ್ಕದ ಚೀಟಿ ಹಿಡಿದು ಬಡಾವಣೆಯ ಹಿರಿಯರ ಹತ್ತಿರ ಹೋದೆ. ಹೂವಿನ ಲೆಕ್ಕ ಅವರ ಹತ್ತಿರ ಇತ್ತು, ಓಡುವ ಮಕ್ಕಳ ಲೆಕ್ಕ ಇರಲಿಲ್ಲ. ಮೂರು ವಾರ ಮಾತುಕತೆ ಆಯಿತು. ಕೊನೆಗೆ ಐದರಿಂದ ಆರೂವರೆ ತನಕ ಹುಲ್ಲಿನ ಒಂದು ಭಾಗ ಮಕ್ಕಳಿಗೆ ಅಂತ ಬಿಟ್ಟರು. ಬೇಲಿಯ ಒಂದು ತುಂಡು ತೆಗೆದರು. ಮೆತ್ತನೆ ಚೆಂಡು ಆಗಬಹುದು ಅಂದರು. ನೆಲಕ್ಕೆ ಕಲ್ಲು ಹಾಸಿದ ಕಡೆ ಒಬ್ಬ ಅಜ್ಜಿ ಬಣ್ಣದಲ್ಲಿ ಕುಂಟೆಬಿಲ್ಲೆ ಮನೆ ಬರೆದು, ಸೀರೆ ಸೆರಗು ಸಿಕ್ಕಿಸಿ ತಾವೇ ಮೊದಲು ಕುಂಟಿ ತೋರಿಸಿದರು! ಇದಕ್ಕೆ ಎಷ್ಟು ಖರ್ಚು? ಒಂದು ಡಬ್ಬ ಬಣ್ಣ.

ನೋಡಿ, ಹೀಗೆ ಎಣಿಸುವುದು ನನ್ನ ಸ್ವಂತ ಉಪಾಯ ಅಲ್ಲ. ಅಮೆರಿಕದಲ್ಲಿ ಥಾಮಸ್ ಮೆಕೆಂಜಿ, ಡೆಬೊರಾ ಕೋಹೆನ್ ಮತ್ತು ಅವರ ಜೊತೆಯವರು ಇದನ್ನು ಒಂದು ಕ್ರಮಕ್ಕೆ ತಂದು 2006ರಲ್ಲಿ ಪ್ರಕಟಿಸಿದರು. ಸೋಪಾರ್ಕ್ ಅಂತ ಅದರ ಹೆಸರು. ಪಾರ್ಕನ್ನು ಭಾಗ ಮಾಡಿಕೊಳ್ಳಿ. ಒಂದು ಭಾಗದ ಎದುರು ನಿಂತು ಎಡದಿಂದ ಬಲಕ್ಕೆ ಒಮ್ಮೆ ಕಣ್ಣು ಹಾಯಿಸಿ. ಕೂತವರು ಎಷ್ಟು, ನಡೆಯುವವರು ಎಷ್ಟು, ಜೋರಾಗಿ ಆಡುವವರು ಎಷ್ಟು, ಗೀಟು ಹಾಕಿ. ಹುಡುಗರು ಬೇರೆ, ಹುಡುಗಿಯರು ಬೇರೆ. ಅಷ್ಟೇ. ಇದಕ್ಕೆ ಡಾಕ್ಟರೇ ಬೇಕಾ? ಏಳನೇ ಕ್ಲಾಸಿನ ಮಗು ಮಾಡುತ್ತದೆ.

ಸಮಯ ಮುಗಿಯುತ್ತಾ ಬಂತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಹುಡುಗಿಯರ ಗೀಟು ಹನ್ನೆರಡು ವರ್ಷದ ಮೇಲೆ ಕಡಿಮೆಯಾದರೆ, ದೀಪ ಇದೆಯಾ, ಬಾಗಿಲು ಸರಿ ಇರುವ ಶೌಚಾಲಯ ಇದೆಯಾ ನೋಡಿ. ಕುಡಿಯುವ ನೀರು ಬೇಕು. ಪಾರ್ಕಿಗೆ ಹೋಗುವ ದಾರಿಯಲ್ಲಿ ಮಗು ಒಂಟಿಯಾಗಿ ರಸ್ತೆ ದಾಟಬಹುದಾ, ಅದನ್ನೂ ನೋಡಿ. ಗೇಟಿಗೆ ಬೀಗ ಬೀಳುವ ಹೊತ್ತು ಬರೆದುಕೊಳ್ಳಿ. ಬೆಂಗಳೂರಿನಲ್ಲಿ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ 2024ರಲ್ಲೇ ಘೋಷಣೆ ಆಗಿದೆ. ಕೇಳುವ ಹಕ್ಕು ನಿಮಗಿದೆ, ಕೇಳಿ.

ಆ ಹುಡುಗನಾ? ತೂಕ ಇಳಿದಿಲ್ಲ, ಏರಿಯೂ ಇಲ್ಲ. ಎತ್ತರ ಮೂರು ಸೆಂಟಿಮೀಟರ್ ಜಾಸ್ತಿಯಾಗಿದೆ. ಬೆಳೆಯುವ ಮಗುವಿಗೆ ನಾವು ಬಯಸುವುದೂ ಅದನ್ನೇ. ಹೋದ ವಾರ ಮೊಣಕಾಲು ತರಚಿಕೊಂಡು ಬಂದಿದ್ದ. ಲಗೋರಿ ಆಡುವಾಗ ಬಿದ್ದನಂತೆ. ನಾನು ಗಾಯ ಒರೆಸುತ್ತಿದ್ದರೆ ಅವನು ಗೋಡೆ ಗಡಿಯಾರ ನೋಡುತ್ತಿದ್ದ, ಐದು ಗಂಟೆ ಆಯಿತಾ ಅಂತ.

ನಾಳೆ ಸಂಜೆ ಒಂದು ಹಾಳೆ, ಒಂದು ಪೆನ್ಸಿಲ್ ತಗೊಂಡು ಹೋಗಿ, ಎಣಿಸಿ. ನಮಸ್ಕಾರ.