ಕೆಂಪೇರದ ಗಾಯ

ಕಕ್ಕಡ ತಿಂಗಳ ಈ ಮಳೆಯಲ್ಲಿ ನಾಟಿ ಕೆಲಸ ಬಿಟ್ಟು ಗೋಣಿಕೊಪ್ಪಕ್ಕೆ ಬಂದಿದ್ದೀರಿ. ಕೆಂಪೇರದ ಗಾಯದೊಳಗೂ ಸೋಂಕು ಇರಬಹುದು ಅನ್ನುವುದೇ ಇವತ್ತಿನ ಮಾತು. ಸುತ್ತಿ ಬಳಸದೆ ಒಂದು ಕೈಯ ಕತೆಯಿಂದಲೇ ಶುರು ಮಾಡುತ್ತೇನೆ.

ಕಿಡ್ನಿ ಕಸಿ ಮಾಡಿಸಿಕೊಂಡ ಬೆಳೆಗಾರರೊಬ್ಬರಿಗೆ ಕಿತ್ತಳೆ ಗಿಡದ ಒಣ ಕೊಂಬೆ ಕಡಿಯುವಾಗ ಬೆರಳಿಗೆ ಮುಳ್ಳು ಚುಚ್ಚಿತ್ತು. ಮೂರು ವಾರ ಕಳೆದು ಬಂದಾಗ ಬೆರಳಲ್ಲೊಂದು ಗಂಟು, ಮಣಿಕಟ್ಟಿನ ಮೇಲೊಂದು, ಅಲ್ಲಿಂದ ಮೊಣಕೈವರೆಗೆ ಮಣಿ ಪೋಣಿಸಿದ ಹಾಗೆ ಸಾಲು. ಜ್ವರವಿಲ್ಲ. "ಕೆಂಪೇ ಆಗಿಲ್ವಲ್ಲ ಡಾಕ್ಟ್ರೇ, ಏನೂ ಇರಲಿಕ್ಕಿಲ್ಲ ಅಂದ್ಕೊಂಡೆ" ಅಂದರು.

ಮೋಸ ಹೋಗುವುದು ಅಲ್ಲೇ. ಗಾಯ ಕೆಂಪಾಗುವುದು, ಬಿಸಿಯೇರುವುದು, ಕೀವು ಕಟ್ಟುವುದು ಬಹುಪಾಲು ನಮ್ಮದೇ ಬಿಳಿ ರಕ್ತಕಣಗಳ ಕೆಲಸ. ಕಸಿಯಾದವರ ಮಾತ್ರೆ, ಸ್ಟೀರಾಯ್ಡ್, ಕ್ಯಾನ್ಸರಿಗೆ ಕೊಡುವ ಕೀಮೋ ಆ ಕಣಗಳ ಕೈ ಕಟ್ಟಿಹಾಕುತ್ತವೆ. ಕಳ್ಳ ಒಳಗಿದ್ದಾನೆ, ನಾಯಿ ಬೊಗಳುವುದಿಲ್ಲ.

ಸಾಲು ಗಂಟು ಕಂಡರೆ ಸ್ಪೋರೋಟ್ರೈಕೋಸಿಸ್ ಎಂಬ ಶಿಲೀಂಧ್ರ ರೋಗವೂ ಇರಬಹುದು. ಅದರ ಔಷಧಿಯೇ ಬೇರೆ. ಆದ್ದರಿಂದ ಊಹೆ ಸಾಲದು, ಗಂಟಿನ ಚೂರು ತೆಗೆದು ನೋಡಬೇಕು. ಇವರಲ್ಲಿ ಸಿಕ್ಕಿದ್ದು ನೊಕಾರ್ಡಿಯ. 1888ರಲ್ಲಿ ಎಡ್ಮಂಡ್ ನೊಕಾರ್ ಎಂಬ ಫ್ರೆಂಚ್ ಪಶುವೈದ್ಯರು ದನಗಳ ಕಾಯಿಲೆಯೊಂದರಲ್ಲಿ ಗುರುತಿಸಿದ ಬ್ಯಾಕ್ಟೀರಿಯ. ಮಣ್ಣು, ಕೊಳೆತ ಎಲೆ ಇದರ ಮನೆ. ಅಂದರೆ ನಮ್ಮ ತೋಟ ಪೂರ್ತಿ. ಬೆಳೆಯುವುದು ಮಾತ್ರ ನಿಧಾನ. ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಮಾಮೂಲಿ ಕಲ್ಚರ್ ಪ್ಲೇಟನ್ನು ಎರಡು ದಿನ ನೋಡಿ ಎಸೆದುಬಿಡುತ್ತಾರೆ, ಇದಕ್ಕೆ ಎರಡು ಮೂರು ವಾರವೂ ಬೇಕಾಗಬಹುದು. ಕಾದರೆ ಪ್ಲೇಟಿನ ಮೇಲೆ ಸುಣ್ಣದ ಪುಡಿ ಉದುರಿಸಿದ ಹಾಗೆ ಕಾಣುತ್ತದೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಪ್ಲೇಟ್ ಮೂಸಬಾರದು ಅನ್ನುವುದು ಲ್ಯಾಬಿನ ನಿಯಮ. ಹಳಬರಲ್ಲಿ ಕೆಲವರಿಗೆ ಆ ಚಟ ಬಿಡುವುದಿಲ್ಲ.

ಆ ನಿಯಮಕ್ಕೆ ಕಾರಣವಾದ ರೋಗಗಳಲ್ಲಿ ಮೆಲಿಯಾಯ್ಡೋಸಿಸ್ ಒಂದು. ಇದೂ ಮಣ್ಣಿನ ಬ್ಯಾಕ್ಟೀರಿಯದಿಂದಲೇ ಬರುವಂಥದ್ದು, ಮೂಸಿದರೆ ಉಸಿರಿನ ಜೊತೆ ಒಳಗೆ ಹೋಗಬಹುದು. 1912ರಲ್ಲಿ ರಂಗೂನಿನಿಂದ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಇದರ ಬಗ್ಗೆ ಬರೆದರು. ಘಟ್ಟದ ಕೆಳಗೆ ಉಡುಪಿ ಕಡೆಯ ವೈದ್ಯರಿಗೆ ಮಳೆಗಾಲದಲ್ಲಿ ಇದರ ಪರಿಚಯ ಚೆನ್ನಾಗಿಯೇ ಇದೆ. ಇದು ಹೆಚ್ಚಾಗಿ ಹಿಡಿಯುವುದು ಸಕ್ಕರೆ ಕಾಯಿಲೆಯವರನ್ನು. ಬರಿಗಾಲಲ್ಲಿ ಕೆಸರು ತುಳಿದ ಕಾಲಿನ ಬಿರುಕು ಸಾಕು ಅದಕ್ಕೆ. ಕನಿಷ್ಠ ಎರಡು ವಾರ ಇಂಜೆಕ್ಷನ್, ಆಮೇಲೆ ಮೂರು ತಿಂಗಳು ಮಾತ್ರೆ. ಗಾಯ ಒಣಗಿತು ಅಂತ ನಡುವೆ ಬಿಟ್ಟರೆ ಮರಳಿ ಬರಬಹುದು.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ಐದು ದಿನ ನುಂಗಿ ಆಮೇಲೆ ಬರುತ್ತೀರಿ. ಆ ಮಾತ್ರೆಯಿಂದಾಗಿ ಎಷ್ಟೋ ಸಲ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಬಂದವರೂ ಮಾತ್ರೆಯ ಚೀಟಿ ಮನೆಯಲ್ಲೇ ಬಿಟ್ಟಿರುತ್ತೀರಿ. ಚೀಟಿ ತನ್ನಿ. ಮುಳ್ಳು ಚುಚ್ಚಿದ್ದು, ಗದ್ದೆಗೆ ಇಳಿದದ್ದು ನಾವು ಕೇಳದಿದ್ದರೂ ಹೇಳಿ.

ಆ ಬೆಳೆಗಾರರು ಆರು ತಿಂಗಳು ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ನುಂಗಿದರು. ಅದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವ ಔಷಧಿಯಾದ್ದರಿಂದ ಆಗಾಗ ರಕ್ತ ಪರೀಕ್ಷೆಯೂ ಆಯಿತು. ಗಂಟುಗಳು ಕರಗಿದವು.

ಹಿಂದಿನ ಸಾಲಿನಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದೀರಲ್ಲ ಅಣ್ಣ, ಕಾಫಿ ಕುಡಿದಾದ ಮೇಲೆ ಅದನ್ನೊಮ್ಮೆ ಬಿಚ್ಚಿ ತೋರಿಸಿ.