ಗುರುತಿನವರ ನಡುವೆ ಗುಟ್ಟು ಕಾಯುವುದು

ಕೇಳುಗರಿಗೆ ನಮಸ್ಕಾರ.

ನಾನು ಕಾರವಾರದವಳು. ಮಕ್ಕಳ ಮತ್ತು ಕುಟುಂಬಗಳ ಆಪ್ತ ಸಮಾಲೋಚಕಿಯಾಗಿ ಇಲ್ಲೇ ಕೆಲಸ ಮಾಡುತ್ತೇನೆ. ನನ್ನೆದುರು ಬಂದು ಕೂರುವ ತಾಯಿ ಒಮ್ಮೊಮ್ಮೆ ನನ್ನ ಅತ್ತಿಗೆಯ ಜೊತೆ ಓದಿದವಳಾಗಿರುತ್ತಾಳೆ. ಅದಕ್ಕೇ ಅವಳ ಮೊದಲ ಮಾತು ಮಗುವಿನದಲ್ಲ. "ಅಕ್ಕೋರೆ, ಇದು ನಮ್ಮ ಕೇರಿಯವರಿಗೆ ಗೊತ್ತಾಗೂದಿಲ್ಲ ಅಲ್ಲ?"

ಗೊತ್ತಾಗುವುದಿಲ್ಲ. ಮೀನುಪೇಟೆಯಲ್ಲೋ ಮದುವೆ ಊಟದ ಪಂಕ್ತಿಯಲ್ಲೋ ಎದುರಾದರೆ ನಾನಾಗಿ ಮಾತಾಡಿಸುವುದಿಲ್ಲ. ನೀವೇ ಮಾತಾಡಿಸಿದರೆ ಬಂಗಡೆಯ ರೇಟು ಕೇಳಿಯೇನು, 'ಮಗ ಹೇಗಿದ್ದಾನೆ' ಎಂದು ಕೇಳುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸೊಕ್ಕು ಅಂದುಕೊಂಡಾರು. ಹತ್ತಿರದ ನೆಂಟರ ಮನೆಯ ವಿಷಯವಾದರೆ ಬೇರೆಯವರ ಬಳಿ ಕಳಿಸುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ಚಿಕಿತ್ಸೆ ಪಡೆಯುವವರ ಹಕ್ಕು ಎಂದಿದೆ. ಆದರೆ ನಮ್ಮಂಥ ಊರಲ್ಲಿ ಜನ ಅಂಜುವುದು ಹೊರಗಿನ ಬೆಂಚಿಗೆ. ಅಲ್ಲಿ ಪಕ್ಕದ ಮನೆಯವರೇ ಕೂತಿದ್ದರೆ? ಹಾಗಾಗಿ ಒಬ್ಬರು ಹೋಗಿ ಸ್ವಲ್ಪ ಹೊತ್ತು ಬಿಟ್ಟೇ ಇನ್ನೊಬ್ಬರನ್ನು ಬರಹೇಳುತ್ತೇನೆ.

ಒಂದು ಕಡೆ ಮಾತ್ರ ನಾನು ಬಾಯಿ ಮುಚ್ಚಿಕೊಂಡಿರುವುದಿಲ್ಲ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೋ ಕಾಯ್ದೆ. ಮನೆ ಮರ್ಯಾದೆ ಹೋಗುತ್ತದೆ ಎಂದು ಹಿರಿಯರು ಕೈಮುಗಿಯುತ್ತಾರೆ. ಮಗುವಿಗಿಂತ ದೊಡ್ಡ ಮರ್ಯಾದೆ ಯಾವ ಮನೆಗೂ ಇಲ್ಲ ಎನ್ನುತ್ತೇನೆ. ಅದೇ ಕಾಯ್ದೆಯ ಪ್ರಕಾರ ಹೇಳಿಕೆ ಪಡೆಯಲು ಬರುವ ಪೊಲೀಸರು ಸಮವಸ್ತ್ರದಲ್ಲಿರಕೂಡದು, ಮಗುವಿನ ಗುರುತು ಪತ್ರಿಕೆಯಲ್ಲಿ ಬರಕೂಡದು. ಇಷ್ಟು ತಿಳಿದರೆ ಎಷ್ಟೋ ತಾಯಂದಿರ ಅಂಜಿಕೆ ಇಳಿಯುತ್ತದೆ.

ಊರಿನವಳಾಗಿರುವುದರಿಂದ ತೊಡಕಿಗಿಂತ ಉಪಯೋಗವೇ ಹೆಚ್ಚು ಎಂದು ನನ್ನ ನಂಬಿಕೆ. ಇಲ್ಲಿನ ಮನೆಗಳ ಕಷ್ಟ ಯಾವಾಗ, ಯಾಕೆ ಎಂದು ನನಗೆ ಗೊತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಹಿಡಿಯುವ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಮ್ಮ ಬೈತಖೋಲ ಬಂದರಿನಲ್ಲಿ ಬೋಟುಗಳನ್ನು ದಡಕ್ಕೆ ಕಟ್ಟುವ ಹೊತ್ತಿಗೇ ಶಾಲೆ ಶುರು, ಮಳೆಯೂ ಶುರು. ಪಟ್ಟಿ, ಪುಸ್ತಕ, ಕೊಡೆ ಎಲ್ಲದಕ್ಕೂ ದುಡ್ಡು ಬೇಕು, ದುಡಿಮೆ ಇಲ್ಲ. ಕೆಲವು ಮನೆಗಳಲ್ಲಿ ಕುಡಿತ ಹೆಚ್ಚುತ್ತದೆ. ಮೂರನೇ ಇಯತ್ತೆಯ ಮಗುವಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ. ಡಾಕ್ಟರು ನೋಡಿ ಏನೂ ಇಲ್ಲ ಎನ್ನುತ್ತಾರೆ, ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ತೆಗೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ನಾನು ಕೇಳುವುದು ರಾತ್ರಿ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂದು. ತಾನು ಶಾಲೆಗೆ ಹೋದರೆ ಅಮ್ಮನಿಗೆ ಹೊಡೆತ ಬೀಳಬಹುದು ಎಂಬ ಭಯ ಮಗುವಿಗೆ. ಆ ನೋವು ನಾಟಕವಲ್ಲ. ಭಯಕ್ಕೆ ಮಕ್ಕಳ ಹೊಟ್ಟೆ ನಿಜವಾಗಿಯೂ ನೋಯುತ್ತದೆ.

ಆಗ ಅಪ್ಪನನ್ನೂ ಕರೆಸುತ್ತೇನೆ. ಕುಡಿತದ ಮಾತೆತ್ತಿದರೆ ಎದ್ದು ಹೋದಾನು. ಬಲೆ ರಿಪೇರಿ, ಬೋಟಿನ ಪಾಲು, ಸಾಲ ಇವುಗಳಿಂದ ಶುರುಮಾಡುತ್ತೇನೆ, ಅದೂ ಕೊಂಕಣಿಯಲ್ಲಿ. ಸ್ವಲ್ಪ ಹೊತ್ತಿಗೆ ತನಗೇ ನಿದ್ದೆಯಿಲ್ಲ ಎಂದು ಅವನೇ ಬಾಯಿಬಿಡುತ್ತಾನೆ. ಅಲ್ಲಿಂದ ಕೆಲಸ ಮುಂದೆ ಸಾಗುತ್ತದೆ.

ನಮ್ಮ ಬಳಿ ಬರಲಾಗದವರು 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಎರಡಕ್ಕೂ ದುಡ್ಡಿಲ್ಲ.

ಇನ್ನೊಂದು ವಿನಂತಿ. ಜಾತ್ರೆಗೆ, ಐಸ್‌ಕ್ರೀಮಿಗೆ ಎಂದು ಸುಳ್ಳು ಹೇಳಿ ಮಗುವನ್ನು ನಮ್ಮಲ್ಲಿಗೆ ಕರೆತರಬೇಡಿ. "ನಿನ್ನ ಹೊಟ್ಟೆನೋವಿನ ಬಗ್ಗೆ ಒಬ್ಬರು ಅಕ್ಕೋರ ಹತ್ರ ಮಾತಾಡಲಿಕ್ಕೆ ಹೋಗೋಣ, ಇಂಜೆಕ್ಷನ್ ಇಲ್ಲ, ನಾನೂ ಇರ್ತೇನೆ" ಎಂದು ಹಿಂದಿನ ರಾತ್ರಿಯೇ ಹೇಳಿ.

ನಮಸ್ಕಾರ.